ಹಾಡಿದ್ದೇ ಹಾಡೋ ಕಿಸಬಾಯಿ ದಾಸರ ಒಳ್ಳೆ ಕಾಲ ಯಾವುದು?

ಫ್ಯಾಷನ್ ಸ್ಟ್ರೀಟಿನಲ್ಲೂ ಲಿಂಕಿಂಗ್ ರೋಡಿನಲ್ಲೂ ಸಾಲಾಗಿ ನೇತಾಡುವ ಆ ಕಪ್ಪು ಟೀ ಶರ್ಟನ್ನು ಮುಂಬಯಿಯಲ್ಲಿ ನೋಡದವರಿಲ್ಲ. ಎದೆ ಮೇಲೆ ಬಿಳಿ ವೃತ್ತ, ಅದರೊಳಗೆ ಹದ್ದು, ಮೇಲೆ ದಪ್ಪಕ್ಷರದಲ್ಲಿ ರಾಮೋನ್ಸ್ ಎಂಬ ಅಮೆರಿಕದ ರಾಕ್ ಬ್ಯಾಂಡಿನ ಹೆಸರು. ಅದನ್ನು ಹಾಕಿಕೊಂಡು ಮಾಟುಂಗದಲ್ಲೋ ಡೊಂಬಿವಿಲಿಯಲ್ಲೋ ನಮ್ಮವರ ನಡುವೆ ಕಾಫಿಗೆ ಕೂತರೆ ಬರುವ ಪ್ರಶ್ನೆ ಒಂದೇ: "ಎಲ್ಲಾ ಹಾಡೂ ಒಂದೇ ಥರ ಅಲ್ವೇನ್ರೀ? ಇವರದ್ದೂ ಒಂದು ಒಳ್ಳೆ ಕಾಲ ಅಂತ ಇತ್ತಾ? ಇದ್ರೆ ಎಲ್ಲಿಂದ ಕೇಳ್ಬೇಕು?"

ಇತ್ತು. 1976ರ ಫೆಬ್ರವರಿಯಿಂದ 1977ರ ಡಿಸೆಂಬರ್ 31ರ ರಾತ್ರಿವರೆಗೆ, ಇಪ್ಪತ್ಮೂರು ತಿಂಗಳು. 1978ರ ಆಲ್ಬಂ ಅನ್ನು ಬಾಲಂಗೋಚಿಯಾಗಿ ಸೇರಿಸಿಕೊಳ್ಳಲು ನಮ್ಮ ತಕರಾರಿಲ್ಲ. ಇನ್ನು ಎಲ್ಲಾ ಹಾಡೂ ಒಂದೇ ಥರ ಅನ್ನುವ ಆರೋಪಕ್ಕೆ ಬಂದರೆ, ಹೌದು, ಹಾಡಿದ್ದೇ ಹಾಡೋ ಕಿಸಬಾಯಿ ದಾಸರೇ ಇವರು. ಆದರೆ ಆ ಒಂದೇ ಥರವನ್ನು ಕೂತು ಕಟ್ಟಿದವನೊಬ್ಬನಿದ್ದ, ಅವನು ಎದ್ದುಹೋದ ಮೇಲೆ ಅದು ಸಡಿಲವಾಯಿತು. ಹೆಚ್ಚಿನವರು ಗಿಟಾರಿನ ಜಾನಿಯ ಕಡೆಗೋ ಹಾಡುಗಾರ ಜೋಯಿಯ ಕಡೆಗೋ ಬೆರಳು ತೋರಿಸುತ್ತಾರೆ. ನಾವು ಹೇಳುತ್ತಿರುವುದು ಡ್ರಮ್ಸ್ ಹಿಂದೆ ಕೂತಿದ್ದ ಟಾಮಿಯ ಮಾತು.

ಗೊತ್ತಿಲ್ಲದವರಿಗೆ ಎರಡು ಸಾಲು ಹಿನ್ನೆಲೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಫಾರೆಸ್ಟ್ ಹಿಲ್ಸ್ ಅಂತ ಒಂದು ಬಡಾವಣೆ, ಅಲ್ಲಿ 1974ರಲ್ಲಿ ಕೂಡಿದ ಬ್ಯಾಂಡು. ಅಣ್ಣತಮ್ಮಂದಿರಲ್ಲ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಒಂದು ಕಾಲದಲ್ಲಿ ಇಟ್ಟುಕೊಂಡಿದ್ದ ಪಾಲ್ ರಾಮೋನ್ ಎಂಬ ಸುಳ್ಳು ಹೆಸರಿನಿಂದ ಎಲ್ಲರೂ ಒಂದೇ ಅಡ್ಡಹೆಸರು ಅಂಟಿಸಿಕೊಂಡರು. ಮೊದಲಿಗೆ ಡ್ರಮ್ಸ್ ಬಾರಿಸುತ್ತಿದ್ದವನು ಜೋಯಿ. ಅವನನ್ನು ಮೈಕಿನ ಮುಂದೆ ನಿಲ್ಲಿಸಿದಾಗ ಹಿಂದಿನ ಜಾಗ ಖಾಲಿಯಾಯಿತು. ಟಾಮಿ ಆಗ ಮ್ಯಾನೇಜರು. ಬುಡಾಪೆಸ್ಟ್‌ನಲ್ಲಿ ಹುಟ್ಟಿದವನು, ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ದುಡಿದು ಬಂದವನು. ಪರೀಕ್ಷೆಗೆ ಬಂದ ಡ್ರಮ್ಮರುಗಳೆಲ್ಲ ತಮ್ಮ ಕೈಚಳಕ ತೋರಿಸುವವರೇ. ಸಾದಾ ಬಾರಿಸಿ ಅಂದರೆ ಒಬ್ಬರಿಗೂ ಆಗಲಿಲ್ಲ. ಕೊನೆಗೆ ಹೀಗೆ ಅಂತ ತೋರಿಸಲು ಕೂತ ಟಾಮಿ ಅಲ್ಲೇ ಉಳಿದ.

ಅವನು ಬಾರಿಸಿದ್ದಾದರೂ ಏನು? ನಾಲ್ಕೆಣಿಕೆಯ ಒಂದು ಸುತ್ತಿಗೆ ಹೈ-ಹ್ಯಾಟ್ ಎಂಬ ಜೋಡಿ ತಾಳದ ಮೇಲೆ ಎಂಟು ಏಟು, ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಸ್ನೇರ್ ಎಂಬ ಚುರುಕು ದನಿಯ ಡ್ರಮ್, ಉಳಿದದ್ದಕ್ಕೆ ಕಾಲಿನಿಂದ ಬಾರಿಸುವ ಕಿಕ್. ಬಣ್ಣ ಬಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಯಕ್ಷಗಾನ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೆಂಡೆಯವರ ಕೈಗೆ ಚಪ್ಪಾಳೆ ಬೀಳುತ್ತದೆ, ಆದರೆ ಆಟ ನಿಂತಿರುವುದು ಭಾಗವತರ ಜಾಗಟೆಯ ಮೇಲೆ. ಟಾಮಿ ಆ ಜಾಗಟೆ. ಮೇಲಾಗಿ ಬ್ಯಾಂಡಿನ ಹೆಸರು ಕೇಳಿದ ಕೂಡಲೇ ಎಲ್ಲರಿಗೂ ನೆನಪಾಗುವ ಬ್ಲಿಟ್ಜ್‌ಕ್ರೀಗ್ ಬಾಪ್ ಬಹುಪಾಲು ಅವನೇ ಬರೆದದ್ದು.

ಈಗ ಮೊದಲ ಆಲ್ಬಂ. 1976ರ ಏಪ್ರಿಲ್‌ನಲ್ಲಿ ಬಂತು. ರೇಡಿಯೊ ಸಿಟಿ ಮ್ಯೂಸಿಕ್ ಹಾಲಿನ ಕಟ್ಟಡದಲ್ಲಿದ್ದ ಪ್ಲಾಜಾ ಸೌಂಡ್ ಸ್ಟುಡಿಯೊದಲ್ಲಿ ಆ ಫೆಬ್ರವರಿಯಲ್ಲಿ ವಾರದೊಳಗೆ ಮುಗಿಸಿದ್ದು, ಖರ್ಚು 6,400 ಡಾಲರ್. 14 ಹಾಡು, 29 ನಿಮಿಷ. ದಾದರಿನಲ್ಲಿ ಫಾಸ್ಟ್ ಲೋಕಲ್ ಟ್ರೇನ್ ಹತ್ತಿದರೆ ಠಾಣೆ ಬರುವ ಹೊತ್ತಿಗೆ ಪೂರ್ತಿ ಆಲ್ಬಂ ಖಾಲಿ.

ಲೋಕಲ್ಲಿನಲ್ಲಿ ಕೇಳುವವರಿಗೆ ಒಂದು ಎಚ್ಚರಿಕೆ. ಈ ಆಲ್ಬಂನ ಸ್ಟೀರಿಯೊ ಹಳೇ ಕಾಲದ ಬೀಟಲ್ಸ್ ತಟ್ಟೆಗಳ ಹಾಗೆ ಸೀಳಿಟ್ಟದ್ದು. ಡೀ ಡೀ ನುಡಿಸಿದ ಬಾಸ್ (ಮಂದ್ರ ಸ್ವರದ ಗಿಟಾರ್) ಪೂರ್ತಿ ಎಡಕ್ಕೆ, ಜಾನಿಯ ಗಿಟಾರ್ ಪೂರ್ತಿ ಬಲಕ್ಕೆ, ದನಿ ಮತ್ತು ಡ್ರಮ್ಸ್ ನಡುವೆ. ಹಾಗಾಗಿ ಸ್ನೇಹಿತರಿಬ್ಬರು ಒಂದೊಂದು ಕಿವಿ ಹಂಚಿಕೊಂಡು ಕೇಳಿದರೆ ಒಬ್ಬನಿಗೆ ಗಿಟಾರೇ ಇಲ್ಲ, ಇನ್ನೊಬ್ಬನಿಗೆ ಬಾಸೇ ಇಲ್ಲ. ಮುಂದಿನ ಸ್ಟೇಷನ್ ಯಾವುದೆಂದು ಕೇಳಿಸಲಿ ಅಂತ ಎಡಗಿವಿಗೆ ಮಾತ್ರ ಸಿಕ್ಕಿಸಿಕೊಂಡು, "ಇದೇನ್ರೀ, ಗಿಟಾರ್ ಎಲ್ಲೋ ದೂರದಲ್ಲಿದೆ" ಅನ್ನುವವರ ತೊಂದರೆ ಇಷ್ಟೇ. ಫೋನಿನ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೊ ಆನ್ ಆಗಿದ್ದರೆ, ಅಥವಾ ಒಂಟಿ ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿದರೆ, ಎರಡೂ ಕಲಸಿಹೋಗಿ ಈ ಸೀಳು ಕಾಣಿಸುವುದೇ ಇಲ್ಲ. 2016ರ ನಲವತ್ತನೇ ವರ್ಷದ ಆವೃತ್ತಿಯಲ್ಲಿ ಮೋನೋ ಮಿಕ್ಸ್ ಬೇರೆಯಾಗಿಯೇ ಇದೆ. ಮುಷ್ಟಿಯಲ್ಲಿ ಹಿಡಿದು ಗುದ್ದಿದ ಹಾಗಿದೆ ಅದು. ನುಡಿಸಲು ಕಲಿಯುವವರು ಮಾತ್ರ ಸ್ಟೀರಿಯೊವನ್ನೇ ಹಿಡಿಯಬೇಕು: ಬಲಗಿವಿ ತೆಗೆದರೆ ಡೀ ಡೀಯ ಬಾಸ್ ಪಾಠ, ಎಡಗಿವಿ ತೆಗೆದರೆ ಜಾನಿಯ ಗಿಟಾರ್ ಪಾಠ. ಇಷ್ಟು ಸಲೀಸಾದ ಮೇಷ್ಟ್ರು ಬೇರೆ ಸಿಗುವುದಿಲ್ಲ.

1977ರ ಜನವರಿಯಲ್ಲಿ ಎರಡನೆಯದು, ಲೀವ್ ಹೋಮ್. ನವೆಂಬರಿನಲ್ಲಿ ಮೂರನೆಯದು, ರಾಕೆಟ್ ಟು ರಷ್ಯಾ. ಎರಡಕ್ಕೂ ಟಾಮಿ ಡ್ರಮ್ಮರ್ ಮಾತ್ರವಲ್ಲ, ತನ್ನ ನಿಜ ಹೆಸರಾದ ಎರ್ಡೆಲೈಯಲ್ಲಿ ಸಹನಿರ್ಮಾಪಕ ಕೂಡ. ಒಂದೇ ಆಲ್ಬಂ ಕೇಳುತ್ತೇನೆ ಅನ್ನುವವರಿಗೆ ನಾವು ಮೂರನೆಯದನ್ನೇ ಕೊಡುವುದು. ಅದೇ ಮೂರು ಕಾರ್ಡು (ಒಟ್ಟಿಗೆ ಮೀಟುವ ಸ್ವರಗಳ ಗುಂಪು), ಅದೇ ಓಟ, ಆದರೆ ರಾಗ ಹೆಚ್ಚು, ಧ್ವನಿಮುದ್ರಣ ತುಂಬಿಕೊಂಡಿದೆ.

ಆಮೇಲೆ ಆ ರಾತ್ರಿ. 1977ರ ಡಿಸೆಂಬರ್ 31, ಲಂಡನ್ನಿನ ರೇನ್‌ಬೋ ಥಿಯೇಟರ್. ಇಟ್ಸ್ ಅಲೈವ್ ಎಂಬ ಹೆಸರಿನಲ್ಲಿ 1979ರಲ್ಲಿ ಹೊರಬಂತು. 28 ಹಾಡು, ಸುಮಾರು 54 ನಿಮಿಷ. ಭಾಗಿಸಿ ನೋಡಿ: ಹಾಡೊಂದಕ್ಕೆ ಎರಡು ನಿಮಿಷವೂ ಸಿಗುವುದಿಲ್ಲ, ಅದೂ ಜನರ ಕೂಗು ಮತ್ತು ಡೀ ಡೀಯ "ಒನ್ ಟು ತ್ರೀ ಫೋರ್" ಸೇರಿಸಿ. (ಅವನು ಎಣಿಸುವ ವೇಗಕ್ಕೂ ಹಾಡಿನ ವೇಗಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಅದನ್ನು ನಂಬಿ ಕಾಲು ತಟ್ಟಬೇಡಿ.) ಹಾಡುಗಳ ನಡುವೆ ಟ್ಯೂನಿಂಗ್ ಇಲ್ಲ, ಭಾಷಣ ಇಲ್ಲ, ನೀರು ಕುಡಿಯುವುದಿಲ್ಲ. ಇವರ ಹಾಡು ಎತ್ತಿಕೊಳ್ಳುವ ನಮ್ಮೂರಿನ ಕಾಲೇಜು ಬ್ಯಾಂಡುಗಳು ಸೋಲುವುದು ಹಾಡಿನಲ್ಲಲ್ಲ, ಈ ಸಂದಿಯಲ್ಲಿ. ಎರಡು ಹಾಡಿನ ನಡುವೆ ಇಪ್ಪತ್ತು ಸೆಕೆಂಡ್ ಬಿಟ್ಟರೆ ಇಡೀ ಕಟ್ಟಡ ಕುಸಿಯುತ್ತದೆ.

ಈ ತಟ್ಟೆ ಅಮೆರಿಕದಲ್ಲಿ ಅಧಿಕೃತವಾಗಿ ಸಿಕ್ಕಿದ್ದು 1995ರಲ್ಲಿ. ಹಿತ್ತಲ ಗಿಡ ಮದ್ದಲ್ಲ, ಅಷ್ಟೇ. 1976ರ ಜುಲೈ 4ರಂದು ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ನುಡಿಸಿದಾಗ ಅಲ್ಲಿನ ಹುಡುಗರು ಹೊತ್ತು ಮೆರೆಸಿದರು. ತಮ್ಮದೇ ಅಮೆರಿಕದಲ್ಲಿ ಮೊದಲ ಆಲ್ಬಂ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿಯಲ್ಲಿ 111ಕ್ಕಿಂತ ಮೇಲೇರಲಿಲ್ಲ. ಐದು ಲಕ್ಷ ಪ್ರತಿಯ ಗೋಲ್ಡ್ ಪ್ರಮಾಣಪತ್ರ ಅದಕ್ಕೆ ಸಿಕ್ಕಿದ್ದು 2014ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ ಜೋಯಿ, ಡೀ ಡೀ, ಜಾನಿ ಮೂವರೂ ಹೋಗಿಯಾಗಿತ್ತು. ಉಳಿದಿದ್ದ ಟಾಮಿ ಅದೇ ಜುಲೈನಲ್ಲಿ ತೀರಿಕೊಂಡ.

1978ರಲ್ಲಿ ಟಾಮಿ ತಿರುಗಾಟ ಸಾಕೆಂದು ಡ್ರಮ್ಸ್ ಬಿಟ್ಟ, ಮಾರ್ಕಿ ಬಂದ. ಆದರೆ ಆ ವರ್ಷದ ರೋಡ್ ಟು ರೂಯಿನ್ ಆಲ್ಬಂನ ನಿರ್ಮಾಣದಲ್ಲಿ ಟಾಮಿಯ ಕೈ ಇದೆ. ಅಕೂಸ್ಟಿಕ್ ಗಿಟಾರ್ ಇದೆ, ಮೂರು ನಿಮಿಷ ದಾಟಿದ ಹಾಡುಗಳಿವೆ, ಐ ವಾನ್ನಾ ಬಿ ಸೆಡೇಟೆಡ್‌ನಲ್ಲಿ ಒಂದೇ ಸ್ವರವನ್ನು ಕುಟ್ಟಿ ಕುಟ್ಟಿ ಮಾಡಿದ ಸೋಲೊ ಇದೆ. ಅದಕ್ಕೇ ಬಾಲಂಗೋಚಿ ಅಂದದ್ದು. 1980ರ ಆಲ್ಬಂಗೆ, ವಾದ್ಯಗಳ ದನಿಯನ್ನು ಪದರ ಪದರವಾಗಿ ಪೇರಿಸುವುದಕ್ಕೆ ಹೆಸರಾದ ಫಿಲ್ ಸ್ಪೆಕ್ಟರ್ ನಿರ್ಮಾಪಕನಾಗಿ ಬಂದ. ಒಂದು ಕಾರ್ಡನ್ನೇ ಜಾನಿಯ ಕೈಲಿ ಗಂಟೆಗಟ್ಟಲೆ ಹೊಡೆಸಿದ. ಆ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ 44ಕ್ಕೆ ಏರಿತು, ಅವರ ಜೀವಮಾನದಲ್ಲೇ ಅತಿ ಎತ್ತರ. ನಮ್ಮ ಕಿವಿಗೆ ಅದು ಮದುವೆ ಮನೆಯ ಸೀರಿಯಲ್ ಸೆಟ್ ದೀಪ ಹಚ್ಚಿದ ಸೈಕಲ್. ಮುಂದೆ ಜಾನಿ, ಜೋಯಿ ಮಾತು ಬಿಟ್ಟರು, ಮಾತಿಲ್ಲದೆಯೇ ವರ್ಷಗಟ್ಟಲೆ ಒಂದೇ ವ್ಯಾನಿನಲ್ಲಿ ಓಡಾಡಿದರು. ನಡುವೆ ಒಮ್ಮೆ ಬ್ಯಾಂಡು ಎದ್ದು ಕೂತದ್ದು 1984ರ ಟೂ ಟಫ್ ಟು ಡೈನಲ್ಲಿ. ನಿರ್ಮಾಪಕರ ಹೆಸರು ನೋಡಿ: ಟಾಮಿ ವಾಪಸು ಬಂದಿದ್ದ. ಕಾಕತಾಳೀಯ ಅನ್ನುವವರು ಅನ್ನಲಿ.

"ಆದ್ರೆ ಆಮೇಲಿನ ವರ್ಷಗಳಲ್ಲಿ ಇನ್ನೂ ಸ್ಪೀಡಾಗಿ ನುಡಿಸ್ತಿದ್ರಲ್ಲ?" ಅನ್ನುವುದು ಮರುಪ್ರಶ್ನೆ. ನುಡಿಸುತ್ತಿದ್ದರು, ಕೆಟ್ಟದ್ದೂ ಅಲ್ಲೇ. 1977ರ ಲೈವನ್ನೂ 1991ರ ಲೋಕೋ ಲೈವನ್ನೂ ಬೆನ್ನಿಗೆ ಬೆನ್ನು ಕೇಳಿ. ಎರಡನೆಯದರಲ್ಲಿ ಜೋಯಿಗೆ ಮಾತು ನುಂಗದೆ ವಿಧಿಯಿಲ್ಲ, ಸಾಲಿನ ಕೊನೆಯ ಪದ ಹಾರಿಹೋಗುತ್ತದೆ. ವೇಗ ದಾಟಿದರೆ ಎಂಟು ಏಟುಗಳ ನಡುವಿನ ಅಂತರ ಮಾಯವಾಗಿ ಬರೀ ಗುಂಯ್‌ಗುಟ್ಟುವಿಕೆ ಉಳಿಯುತ್ತದೆ.

ಇದು ನುಡಿಸಿ ನೋಡಿದರೆ ಬೇಗ ಅರ್ಥವಾಗುತ್ತದೆ. ಬ್ಲಿಟ್ಜ್‌ಕ್ರೀಗ್ ಬಾಪ್‌ನ ಬೆನ್ನೆಲುಬು ಎ, ಡಿ, ಇ ಎಂಬ ಮೂರು ಕಾರ್ಡು. ಎ ಐದನೇ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಆರನೇ ತಂತಿಯಿಂದ, ಡಿ ಅದೇ ಐದನೇ ಫ್ರೆಟ್ಟಿನಲ್ಲಿ ಐದನೇ ತಂತಿಯಿಂದ, ಇ ಅಲ್ಲಿಂದ ಎರಡು ಫ್ರೆಟ್ ಮುಂದೆ. ಎರಡು ತಂತಿಯ ಪವರ್ ಕಾರ್ಡಲ್ಲ, ಒಂದು ಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿಯುವ ಪೂರ್ತಿ ಬಾರ್ ಕಾರ್ಡ್. ಜಾನಿಯ ಗಿಟಾರು ಗೋಡೆಯ ಹಾಗೆ ಕೇಳಿಸುವುದು ಅದರಿಂದ. ಬಲಗೈ ಕೆಳಮುಖ ಏಟು ಮಾತ್ರ. ವೇಗ ನಿಮಿಷಕ್ಕೆ ಸುಮಾರು 175 ಬೀಟ್, ಬೀಟಿಗೆ ಎರಡರಂತೆ 350 ಏಟು, ಸೆಕೆಂಡಿಗೆ ಆರರ ಹತ್ತಿರ. ಕೆಳಗೊಂದು ಮೇಲೊಂದು ಹೊಡೆದರೆ ಸುಲಭ, ಆದರೆ ಮೇಲ್ಮುಖದ ಏಟು ತೆಳು ತಂತಿಗೆ ಮೊದಲು ತಗಲುವುದರಿಂದ ಒಂದು ಬಿಟ್ಟು ಒಂದು ಏಟು ಸೊರಗುತ್ತದೆ. ತಾಳ ಎಣಿಸುವ ಮೆಟ್ರೊನೋಮನ್ನು 120ಕ್ಕೆ ಇಟ್ಟು ಎರಡು ನಿಮಿಷ ನಿಲ್ಲಿಸದೆ ಹೊಡೆಯಿರಿ. ಅದು ಸಾಧ್ಯವಾದರೆ ಮೂರು ದಿನಕ್ಕೊಮ್ಮೆ ಐದು ಏರಿಸಿ, ಐದು ವಾರದಲ್ಲಿ 175 ಮುಟ್ಟುತ್ತದೆ. ಅಲ್ಲಾಡಬೇಕಾದ್ದು ಮಣಿಕಟ್ಟು, ಮೊಣಕೈಯಲ್ಲ. ಮುಂಗೈ ಉರಿಯತೊಡಗಿದರೆ ಪಿಕ್ಕನ್ನು (ತಂತಿ ಮೀಟುವ ಬಿಲ್ಲೆ) ಗಟ್ಟಿಯಾಗಿ ಹಿಚುಕುತ್ತಿದ್ದೀರಿ ಅಂತಲೇ ಅರ್ಥ. ನೋವಾದರೆ ಅಂದಿಗೆ ನಿಲ್ಲಿಸಿ.

ಜ್ಯಾಮ್ ರೂಮಿನಲ್ಲಿ ಎಲ್ಲರೂ ಮಾಡುವ ತಪ್ಪು ಆಂಪ್ಲಿಫೈಯರಿನ ಗೇನ್ (ದನಿಯನ್ನು ಒರಟಾಗಿಸುವ ಗುಬ್ಬಿ) ಮೇಲಕ್ಕೆ ತಿರುಗಿಸುವುದು. ಗೇನ್ ಅರ್ಧಕ್ಕಿಂತ ಕೆಳಗೆ, ವಾಲ್ಯೂಮ್ ಮೇಲೆ, ಮಿಡ್ (ನಡುಸ್ಥಾಯಿಯ ದನಿ) ಇಳಿಸಬೇಡಿ. ಗೇನ್ ಹೆಚ್ಚಾದರೆ ಬಾರ್ ಕಾರ್ಡಿನ ಆರೂ ತಂತಿ ಕಲಸಿ ಗಂಜಿಯಾಗುತ್ತದೆ. ತಂತಿ ಹತ್ತರ ಸೆಟ್ (ಅತಿ ತೆಳು ತಂತಿ 0.010 ಇಂಚು) ಸಾಕು, ಆದರೆ ಈ ಏಟಿಗೆ ಮೂರನೇ ತಂತಿ ಮೊದಲು ಶ್ರುತಿ ತಪ್ಪುತ್ತದೆ, ಅಭ್ಯಾಸದಲ್ಲಿ ಎರಡು ಹಾಡಿಗೊಮ್ಮೆ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿ ಹವೆಗೆ ಬೆವರಿನ ಕೈ ಸೇರಿದರೆ ಸಾದಾ ನಿಕ್ಕಲ್ ತಂತಿ ಮೂರು ವಾರಕ್ಕೇ ತುಕ್ಕು ಹಿಡಿದು ಒರಟಾಗುತ್ತದೆ. ನುಡಿಸಿದ ತಕ್ಷಣ ಒಣ ಹತ್ತಿಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸಿ, ಕೇಸಿನಲ್ಲಿ ನಾಲ್ಕು ಸಿಲಿಕಾ ಪೊಟ್ಟಣ ಹಾಕಿಡಿ, ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ತೂಗುಹಾಕಬೇಡಿ.