ಮಾದಪ್ಪನಿಗೂ ಬೈಯುತ್ತಿದ್ದ ಮುತ್ತಜ್ಜಿ

ನಮ್ಮ ಮುತ್ತಜ್ಜಿಯ ವಯಸ್ಸು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಒಂದು, ವೋಟರ್ ಕಾರ್ಡಿನಲ್ಲಿ ಇನ್ನೊಂದು. ಕೇಳಿದರೆ, "ಕೊಳ್ಳೇಗಾಲ ಕೊಯಮತ್ತೂರಿಗೆ ಸೇರಿದ್ದಾಗ್ಲೇ ನಂಗೆ ಎರಡು ಮಕ್ಕಳು" ಅನ್ನುತ್ತಿದ್ದಳು. 1956ರಲ್ಲಿ ನಮ್ಮ ಸೀಮೆ ಮೈಸೂರಿಗೆ ಸೇರಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಒಂದೇ ಮನೆಯಲ್ಲಿದ್ದುಕೊಂಡು ಮೂರು ಜಿಲ್ಲೆ ಕಂಡವಳು. ಅವಳ ಪಾಲಿಗೆ ಸರ್ಕಾರ ಮಾತ್ರ ಒಂದೇ, ಮಲೆ ಮಾದಪ್ಪನದು, ಅಂದರೆ ಬೆಟ್ಟದ ದೇವರು ಮಲೆ ಮಹದೇಶ್ವರನದು.

ಸೋಮವಾರ ಒಪ್ಪತ್ತು. ದೂಪ ಹಾಕದೆ ನೀರೂ ಮುಟ್ಟುತ್ತಿರಲಿಲ್ಲ. ದೀಪಾವಳಿ ಬಂತೆಂದರೆ ಪರ್ಸೆ, ಅಂದರೆ ಬೆಟ್ಟಕ್ಕೆ ಹೋಗುವ ಭಕ್ತರ ಗುಂಪಿನ ಜೊತೆ ಹೊರಡುವುದು. ಬಸ್ಸು ಬೆಟ್ಟದ ಮೇಲಕ್ಕೇ ಹೋಗುವಂತಾದ ಮೇಲೂ ಬುಡದ ತಾಳಬೆಟ್ಟದಲ್ಲಿ ಇಳಿದು, ಅಲ್ಲಿಂದ ಬರಿಗಾಲು, "ಉಘೇ ಮಾದಪ್ಪ". ವೀರಪ್ಪನ್ ಕಾಲದಲ್ಲಿ ಮನೆಯವರು ಬೇಡ ಅಂದರಂತೆ. "ಅವನಿರೋದೂ ಮಾದಪ್ಪನ ಕಾಡಲ್ಲೇ ತಾನೆ? ಹೆದರಬೇಕಾದವನು ಅವನು" ಅಂದು ಸೆರಗು ಬಿಗಿದು ಹೊರಟೇಬಿಟ್ಟಳಂತೆ.

ಅವಳ ಹರಕೆ ಬೆಳ್ಳಿಯದೂ ಅಲ್ಲ, ಬಂಗಾರದ್ದೂ ಅಲ್ಲ. ರಜ ಹೊಡೆಯೋ ಸೇವೆ, ಅಂದರೆ ಪೊರಕೆ ಹಿಡಿದು ಗುಡಿಯ ಸುತ್ತ ಗುಡಿಸುವುದು. "ಮನೇಲಿ ಗುಡಿಸಿದ್ರೆ ಸೊಸೆ ಹುಳುಕು ಹುಡುಕ್ತಾಳೆ. ಅವನು ಏನೂ ಅನ್ನಲ್ಲ" ಅಂತ ನಗುತ್ತಿದ್ದಳು. ಸೊಸೆ ಅಂದರೆ ನಮ್ಮಜ್ಜಿ, ಅಲ್ಲೇ ಕೂತಿರುತ್ತಿದ್ದಳು!

ಕಂಚಿನ ತಾಳ ಬಡಿಯುತ್ತ ಮಾದಪ್ಪನ ಕಥೆ ಹಾಡುವ ಕಂಸಾಳೆಯವರು ಊರಿಗೆ ಬಂದರೆ ಅವಳಿಗೆ ಆ ಕಥೆಯಲ್ಲಿ ಸಂಕಮ್ಮನ ಸಾಲೇ, ಅಂದರೆ ಸಂಕಮ್ಮನ ಭಾಗವೇ ಬೇಕು. ಜೇನು ಕೀಳಲು ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯ ಮೇಲೆ ಅನುಮಾನಪಟ್ಟು ಬಲಗೈ ಭಾಷೆ, ಅಂದರೆ ಪಾತಿವ್ರತ್ಯದ ಆಣೆ ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವಳನ್ನು ಹಿಂಸಿಸಿ, ಕೂಡಿಹಾಕಿ ಹೋಗುತ್ತಾನೆ. ಆಮೇಲೆ ಮಾದಪ್ಪ ಬಂದು ಬಿಡಿಸಿ, ಮಕ್ಕಳ ಫಲ ಕೊಡುತ್ತಾನೆ. ಎಲ್ಲರೂ ಅಲ್ಲಿ ಕೈಮುಗಿಯುತ್ತಿದ್ದರು. ಮುತ್ತಜ್ಜಿ ಕಣ್ಣೊರೆಸಿಕೊಂಡು ತಗಾದೆ ತೆಗೆಯುತ್ತಿದ್ದಳು: "ಅಲ್ಲ ಕಣಪ್ಪ, ಅವಳು ಅಷ್ಟು ಏಟು ತಿನ್ನೋವರೆಗೂ ಎಲ್ಲಿದ್ದೆ ನೀನು? ಒಂದು ಗಳಿಗೆ ಮುಂಚೆ ಬರೋಕೆ ಏನಾಗಿತ್ತು?"

ಕಂಸಾಳೆಯವರು ನಕ್ಕು ಮುಂದಿನ ಪದಕ್ಕೆ ಹೋಗುತ್ತಿದ್ದರು. ನಾವೂ ನಗುತ್ತಿದ್ದೆವು. ಮುತ್ತಜ್ಜ ಮಹಾ ಸಿಟ್ಟಿನ ಮನುಷ್ಯ, ಕೈ ಜಾಸ್ತಿ ಅಂತ ಅಮ್ಮ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಆಗ ಆ ತಗಾದೆ ಬರೀ ಸಂಕಮ್ಮನದಲ್ಲ ಅಂತ ಗೊತ್ತಾಯಿತು. ಹಾಗೆ ಕೇಳುತ್ತಲೇ ಮರುದಿನ ಬೆಳಗ್ಗೆ ಅವನಿಗೇ ದೂಪ ಹಾಕುತ್ತಿದ್ದಳಲ್ಲ, ನನಗೆ ಭಕ್ತಿ ಅಂದರೆ ಇವತ್ತಿಗೂ ಅದೇ. ಸುಮ್ನೆ ಅಡ್ಡಬೀಳುವುದಕ್ಕಿಂತ ಅದು ಕಷ್ಟ.

ಕಾಲು ಸೋತ ಮೇಲೆ ಪರ್ಸೆ ಹೋಗುವವರ ಕೈಲಿ ಅರಿಶಿನ ಬಟ್ಟೆಯ ಮುಡಿಪು ಕಳಿಸುತ್ತಿದ್ದಳು. 2023ರಲ್ಲಿ ಬೆಟ್ಟದಲ್ಲಿ 108 ಅಡಿಯ ಮಾದಪ್ಪನ ಪ್ರತಿಮೆ ಆಯಿತು. ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಹುಲಿಯ ಮೇಲೆ ಕೂತವನನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಅಷ್ಟೆತ್ತರ ಕೂತವ್ನೆ. ಇನ್ಮೇಲಾದ್ರೂ ಬೇಗ ಕಾಣುತ್ತೆ ಬುಡು" ಅಂದಳು.