ಸಾಕ್ಷಿ ಹೇಳಲು ಹೋದ ದಿನ

ಕಳೆದ ವರ್ಷದ ಜುಲೈ. ಬೆಳಿಗ್ಗೆ ಸುಂಟಿಕೊಪ್ಪದಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಎದುರಿನ ಅಂಗಡಿಯ ಬೋರ್ಡು ಕೂಡ ಕಾಣದಷ್ಟು ಮಂಜು. ತಮ್ಮನ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರ್. ಕವರಿನೊಳಗೆ ಕೋರ್ಟಿನ ಸಮನ್ಸ್, ಆಸ್ಪತ್ರೆಯ ಚೀಟಿಗಳು, ಕಾಲಿನ ಎಕ್ಸ್‌ರೇ.

"ಎಕ್ಸ್‌ರೇ ಯಾಕೋ? ಪೊಲೀಸರು ಆವಾಗ್ಲೇ ಎಲ್ಲ ಕೊಟ್ಟಿರ್ತಾರೆ" ಅಂದೆ.

"ಇರ್ಲಿ ಅಕ್ಕ. ಕೇಳಿದ್ರೆ ತೋರಿಸ್ಬಹುದು" ಅಂದ.

ಹಿಂದಿನ ರಾತ್ರಿ ಅವನು ಸರಿಯಾಗಿ ಮಲಗಿರಲಿಲ್ಲ. ಕೋರ್ಟಿನಲ್ಲಿ ಏನು ಹೇಳಬೇಕು ಅಂತ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದದ್ದು ಗೋಡೆಯ ಈಚೆಗೆ ನನಗೆ ಕೇಳಿಸುತ್ತಿತ್ತು. ಎರಡೂವರೆ ವರ್ಷ ಕಾದಿದ್ದ ದಿನ ಅದು.

2022ರ ಡಿಸೆಂಬರ್, ಒಂದು ಶನಿವಾರ. ತಮ್ಮ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಕೆಲಸದವರ ಮೇಲ್ವಿಚಾರಣೆ, ಲೆಕ್ಕ ನೋಡುವವನು. ಕೊಯ್ಲಿನ ಸಮಯ, ರಜೆ ಸಿಗುವುದೇ ಕಷ್ಟ. ಅವತ್ತು ಮಧ್ಯಾಹ್ನದ ಮೇಲೆ ಬಿಡುವು ಮಾಡಿಕೊಂಡು ಮಡಿಕೇರಿಗೆ ಹೊರಟ. ನನಗೂ ಬ್ಯಾಂಕಿನ ಕೆಲಸ ಇತ್ತು, ಬೈಕಿನ ಹಿಂದೆ ಕೂತೆ. ಇಬ್ಬರೂ ಹೆಲ್ಮೆಟ್ ಹಾಕಿದ್ದೆವು. ಈ ಮಾತನ್ನು ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಬೈಕ್ ಬಿತ್ತು ಅಂದ ತಕ್ಷಣ ಜನ ಕೇಳುವುದು ಎರಡೇ ಪ್ರಶ್ನೆ. ಹೆಲ್ಮೆಟ್ ಇತ್ತಾ? ಎಷ್ಟು ಸ್ಪೀಡಲ್ಲಿದ್ರು?

ಬೋಯಿಕೇರಿ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಹೋಮ್‌ಮೇಡ್ ಚಾಕೊಲೇಟು, ಏಲಕ್ಕಿ, ಕಾಳುಮೆಣಸು, ಕಾಫಿಪುಡಿ ಮಾರುವ ಅಂಗಡಿಗಳಿವೆ. ವಾರಾಂತ್ಯ ಬಂದರೆ ಹೊರಗಿನ ಕಾರುಗಳು ಅಂಗಡಿ ಕಂಡಲ್ಲೆಲ್ಲ ನಿಲ್ಲುತ್ತವೆ. ಮಡಿಕೇರಿ ಕಡೆಯಿಂದ ಬರುತ್ತಿದ್ದ ಒಂದು ಕಾರು ಎದುರಿಗೆ ಯಾರಿದ್ದಾರೆ ಅಂತ ನೋಡದೆ, ನಿಧಾನಿಸದೆ, ನಮ್ಮ ಎಡಗಡೆ ಇದ್ದ ಅಂಗಡಿಯೊಳಗೆ ಹೋಗಲು ಬಲಕ್ಕೆ ತಿರುಗಿಬಿಟ್ಟಿತು. ಇಂಡಿಕೇಟರ್ ಇರಲಿಲ್ಲ. ತಮ್ಮ ಹಾರ್ನ್ ಹೊಡೆದದ್ದು ನೆನಪಿದೆ. ಆಮೇಲೆ ನೆನಪಿರುವುದು ನನ್ನ ಮುಖದ ಹತ್ತಿರ ಇದ್ದ ಒದ್ದೆ ಹುಲ್ಲು.

ತೋಟದ ಕೆಲಸದವರನ್ನು ತುಂಬಿಕೊಂಡು ಹೋಗುತ್ತಿದ್ದ ಒಂದು ಜೀಪು ನಿಂತಿತು. ಕೂಲಿ ಹೆಂಗಸರೇ ಇಳಿದು ಬಂದರು. ಒಬ್ಬರು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ತಮ್ಮನ ಕಾಲಿಗೆ ಸುತ್ತಿದರು. ಎಲ್ಲರೂ ಇಳಿದು ನಮಗೆ ಜಾಗ ಬಿಟ್ಟರು, ರಸ್ತೆಯಲ್ಲೇ ಉಳಿದರು. ಆ ಜೀಪಿನಲ್ಲೇ ನಾವು ಆಸ್ಪತ್ರೆ ಸೇರಿದೆವು. ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಕೇಸು ಹಾಕುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ್ದಾರೆ. ಆ ಡ್ರೈವರಿಗೆ ಅದು ಗೊತ್ತಿತ್ತೋ ಇಲ್ಲವೋ. ಗೊತ್ತಿಲ್ಲದಿದ್ದರೂ ನಿಲ್ಲಿಸುತ್ತಿದ್ದ ಮನುಷ್ಯ.

ಕಾರು ಓಡಿಸುತ್ತಿದ್ದವರು ಬಾಗಿಲ ಹತ್ತಿರ ನಿಂತು ಫೋನಿನಲ್ಲಿದ್ದರು. "ಬೈಕ್ ಕಾಣ್ಲಿಲ್ಲ, ಬೈಕ್ ಕಾಣ್ಲಿಲ್ಲ" ಅನ್ನುತ್ತಿದ್ದರು. ಅಪಘಾತ ಮಾಡಿದ ಚಾಲಕನೇ ಗಾಯಾಳುವನ್ನು ಚಿಕಿತ್ಸೆಗೆ ಸೇರಿಸಬೇಕು ಅಂತ ಅದೇ ಕಾಯ್ದೆಯ 134ನೇ ಕಲಮು ಹೇಳುತ್ತದೆ. ಅವರು ನಮ್ಮ ಹತ್ತಿರಕ್ಕೂ ಬರಲಿಲ್ಲ.

ನನಗೆ ಮೊಣಕೈ ತರಚಿತ್ತು, ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ತಮ್ಮನಿಗೆ ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದಿದ್ದವು. ಮೈಸೂರಿಗೆ ಕರೆದುಕೊಂಡು ಹೋಗಿ ರಾಡ್ ಹಾಕಿಸಿದೆವು. ಏಳು ತಿಂಗಳು ಮನೆಯಲ್ಲಿದ್ದ. ಈಗ ಕೆಲಸಕ್ಕೆ ಹೋಗುತ್ತಾನೆ, ಆದರೆ ತೋಟದ ಬರೆ, ಅಂದರೆ ಇಳಿಜಾರು, ಹತ್ತಿಳಿಯಲು ಆಗುವುದಿಲ್ಲ. ತೋಟದ ಸಾಹುಕಾರರು ಒಳ್ಳೆಯವರು, ಗೋಡೌನಿನಲ್ಲಿ ಹಣ್ಣು ತೂಗುವ ಕೆಲಸ ಕೊಟ್ಟಿದ್ದಾರೆ. ಬೆಳಗಿನಿಂದ ಸಂಜೆವರೆಗೆ ತೋಟ ಸುತ್ತುತ್ತಿದ್ದ ಹುಡುಗ ಕುರ್ಚಿ ಮೇಲೆ ಕೂತಿರುವುದನ್ನು ನೋಡಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆ ಜುಲೈ ಬೆಳಿಗ್ಗೆ ಮಡಿಕೇರಿಯ ಕೋರ್ಟಿನ ವರಾಂಡದ ಬೆಂಚಿನಲ್ಲಿ ಕೂತೆವು. ಕರಿ ಕೋಟಿನವರ ಕೊಡೆಗಳಿಂದ ನೀರು ಸುರಿದು ನೆಲವೆಲ್ಲ ಒದ್ದೆ. ಹನ್ನೊಂದೂವರೆಗೆ ನಮ್ಮ ಕೇಸು ಕೂಗಿದರು. ತಮ್ಮ ಎದ್ದು ಅಂಗಿ ಸರಿಮಾಡಿಕೊಂಡ.

ಒಳಗೆ ಹೋಗುವಷ್ಟರಲ್ಲಿ ಆ ಕಡೆಯ ವಕೀಲರು ಏನೋ ಹೇಳುತ್ತಿದ್ದರು. ನ್ಯಾಯಾಧೀಶರು ಆರೋಪಿಯನ್ನು ಕೇಳಿದರು, ತಪ್ಪು ಒಪ್ಪಿಕೊಳ್ಳುತ್ತೀರಾ, ಯಾರದ್ದಾದರೂ ಒತ್ತಾಯ ಇದೆಯಾ ಅಂತ. "ಒಪ್ಕೊಳ್ತೀನಿ ಸ್ವಾಮಿ, ಒತ್ತಾಯ ಇಲ್ಲ" ಅಂದರು. ಆಮೇಲೆ ದಂಡ ಹೇಳಿದರು. ಅಜಾಗರೂಕ ಚಾಲನೆಗೆ ಸಾವಿರ. ನನ್ನ ಗಾಯಕ್ಕೆ ಐನೂರು. ತಮ್ಮನ ಕಾಲಿಗೆ ಸಾವಿರ. ಒಟ್ಟು ಎರಡೂವರೆ ಸಾವಿರ ರೂಪಾಯಿ, ಕಟ್ಟದಿದ್ದರೆ ಸಜೆ. ಅವರು ಕಟ್ಟಿದರು.

ಸರ್ಕಾರಿ ವಕೀಲರು ನಮ್ಮ ಕಡೆ ತಿರುಗಿ, "ಇನ್ನು ನೀವು ಹೋಗ್ಬಹುದು ಮೇಡಂ, ಸಾಕ್ಷಿ ಬೇಕಾಗಲ್ಲ" ಅಂದರು. ಹತ್ತು ನಿಮಿಷವೂ ಆಗಿರಲಿಲ್ಲ. ತಮ್ಮನ ಕೈಯಲ್ಲಿ ಕವರ್ ಹಾಗೇ ಇತ್ತು.

ನನಗೆ ಎದ್ದು ಹೋಗಲು ಮನಸ್ಸಾಗಲಿಲ್ಲ. ಸರ್ಕಾರಿ ವಕೀಲರು ಹೊರಗೆ ಬರುವವರೆಗೆ ಕಾದು ಕೇಳಿದೆ, ಇಷ್ಟೇನಾ ಸರ್ ಅಂತ. ಅವರು ಬೇಸರ ಮಾಡಿಕೊಳ್ಳದೆ ವಿವರಿಸಿದರು. ಅಪಘಾತ ಆದದ್ದು 2022ರಲ್ಲಿ, ಹಾಗಾಗಿ ಹಳೆಯ ದಂಡ ಸಂಹಿತೆಯೇ ಅನ್ವಯ, 279, 337, 338ನೇ ಕಲಮುಗಳು. ಜೈಲು ಕೊಡಲು ಅವಕಾಶ ಇದೆ, ಮೂಳೆ ಮುರಿದರೆ ಎರಡು ವರ್ಷದವರೆಗೂ. ಆದರೆ ತಪ್ಪೊಪ್ಪಿಕೊಂಡರೆ ಹೆಚ್ಚಾಗಿ ದಂಡದಲ್ಲೇ ಮುಗಿಯುತ್ತದೆ. ದಂಡಕ್ಕೆ ಆ ಕಲಮುಗಳಲ್ಲಿರುವ ಮಿತಿಯೇ ಅಷ್ಟು. 1860ರಲ್ಲಿ ಬ್ರಿಟಿಷರ ಕಾಲದಲ್ಲಿ ಬರೆದಿಟ್ಟ ಮೊತ್ತ. ಆಗ ರಸ್ತೆಯಲ್ಲಿ ಎತ್ತಿನ ಗಾಡಿ, ಕುದುರೆ ಬಿಟ್ಟರೆ ಏನಿತ್ತು? ಅವತ್ತಿನ ಸಾವಿರ ರೂಪಾಯಿ ದೊಡ್ಡ ದುಡ್ಡೇ ಇರಬೇಕು. 2024ರ ಜೂನ್ ಕೊನೆಯವರೆಗೂ ಅದನ್ನು ಯಾರೂ ಬದಲಾಯಿಸಲಿಲ್ಲ.

ಜುಲೈ 1, 2024ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಈಗ ಇದೇ ಅಪಘಾತ ಆದರೆ ತೀವ್ರ ಗಾಯಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ ಹತ್ತು ಸಾವಿರದವರೆಗೆ ದಂಡ. ಪ್ರಾಣ ಹೋದರೆ ಐದು ವರ್ಷದವರೆಗೆ, ಮೊದಲು ಎರಡೇ ವರ್ಷ ಇತ್ತು. ಗುದ್ದಿ, ಪೊಲೀಸರಿಗೂ ತಿಳಿಸದೆ ಓಡಿಹೋಗಿ, ಗಾಯಾಳು ಸತ್ತರೆ ಹತ್ತು ವರ್ಷದವರೆಗೆ ಅಂತಲೂ ಬರೆದಿದ್ದಾರೆ. ಆದರೆ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಮಾಡಿದ ಮೇಲೆ ಆ ಭಾಗ ಒಂದನ್ನು ಬಿಟ್ಟು ಉಳಿದದ್ದನ್ನು ಜಾರಿಗೆ ತಂದರು. ಅಜಾಗರೂಕ ಚಾಲನೆಯ ದಂಡ ಮಾತ್ರ ಹೊಸ ಸಂಹಿತೆಯಲ್ಲೂ ಅದೇ ಸಾವಿರ.

ಇನ್ಶೂರೆನ್ಸ್ ದುಡ್ಡು ಬಂತಲ್ಲ, ಮತ್ತೇನು ಅಂತ ನೆಂಟರು ಕೇಳುತ್ತಾರೆ. ಬಂತು, ಸುಳ್ಳು ಹೇಳುವುದಿಲ್ಲ. ಪರಿಹಾರದ ಕೇಸು ಬೇರೆಯೇ ನಡೆದು ರಾಜಿಯಲ್ಲಿ ಮುಗಿಯಿತು, ಆಸ್ಪತ್ರೆಯ ಸಾಲ ತೀರಿತು. ಆದರೆ ಅದನ್ನು ಕೊಟ್ಟದ್ದು ವಿಮಾ ಕಂಪನಿ. ಕಾರಿನವರ ಜೇಬಿನಿಂದ ಹೋದದ್ದು ಆ ಎರಡೂವರೆ ಸಾವಿರ ಮಾತ್ರ.

ಅವರು ಜೈಲಿಗೆ ಹೋಗಬೇಕಿತ್ತು ಅಂತ ನನಗೆ ಇರಲಿಲ್ಲ. ಅವರೂ ಮಕ್ಕಳೊಂದಿಗರು, ಅವತ್ತು ಕಾರಿನ ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು ಅಳುತ್ತಿದ್ದದ್ದು ಕಂಡಿದ್ದೇನೆ. ಆದರೆ ಲೈಸೆನ್ಸ್? ತಮ್ಮ ಏಳು ತಿಂಗಳು ನಡೆಯಲಿಲ್ಲ. ಅವರು ಏಳು ತಿಂಗಳು ಸ್ಟೇರಿಂಗ್ ಮುಟ್ಟದೆ ಇರಬಾರದಿತ್ತಾ? ಇದನ್ನೇ ವಕೀಲರನ್ನು ಕೇಳಿದೆ. ಶಿಕ್ಷೆ ಕೊಡುವಾಗ ಲೈಸೆನ್ಸ್ ಇಟ್ಟುಕೊಳ್ಳದಂತೆ ಅನರ್ಹ ಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 20ನೇ ಕಲಮಿನಲ್ಲಿ ಕೋರ್ಟಿಗಿದೆ, 19ನೇ ಕಲಮಿನಲ್ಲಿ ಆರ್‌ಟಿಒಗೂ ಇದೆ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಂಥ ಕೇಸಲ್ಲಿ ಯಾರೂ ಕೇಳಲ್ಲ ಮೇಡಂ" ಅಂದರು. ನಾವು ಕೇಳುತ್ತಿದ್ದೆವು. ಕೇಳಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ.

ವಾಪಸ್ ಬಸ್ಸಿನಲ್ಲಿ ತಮ್ಮ ಕಿಟಕಿ ಪಕ್ಕ ಕೂತ. ಬೋಯಿಕೇರಿ ಹತ್ತಿರ ಬರುವವರೆಗೂ ಮಾತಿಲ್ಲ. ಆ ಅಂಗಡಿ ಬಂತು. ಮಳೆಗಾಲ, ಒಂದು ಕಾರೂ ನಿಂತಿರಲಿಲ್ಲ. ಅವನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದ.

"ನಾನು ಸ್ಪೀಡಲ್ಲಿ ಇರ್ಲಿಲ್ಲ ಅಕ್ಕ. ನನ್ನ ಸೈಡಲ್ಲೇ ಇದ್ದೆ. ಲೈಟು ಹಾಕಿದ್ದೆ. ಅದನ್ನ ಒಂದ್ಸಲ ಜಡ್ಜ್ ಎದುರಿಗೆ ಹೇಳ್ಬೇಕಿತ್ತು."

ಎರಡೂವರೆ ವರ್ಷದಲ್ಲಿ ಎಷ್ಟು ಜನ ಅವನಿಗೆ "ನಿಧಾನ ಹೋಗ್ಬೇಕಿತ್ತು ಮಾರಾಯ" ಅಂದಿದ್ದಾರೋ ಲೆಕ್ಕವಿಲ್ಲ. ಮದುವೆ ಮನೆಯಲ್ಲಿ, ಸಂತೆಯಲ್ಲಿ, ತೋಟದಲ್ಲಿ. ಅವನ ತಪ್ಪಿಲ್ಲ ಅಂತ ನನಗೆ ಗೊತ್ತು, ನಾನು ಹಿಂದೆಯೇ ಕೂತಿದ್ದೆ. ಆದರೆ ಅಕ್ಕ ಹೇಳುವುದಕ್ಕೂ ಕೋರ್ಟಿನ ಕಾಗದದಲ್ಲಿ ಅವನ ಬಾಯಿಮಾತು ಇರುವುದಕ್ಕೂ ವ್ಯತ್ಯಾಸ ಇದೆ.

ತೀರ್ಪಿನ ನಕಲು ಸಿಕ್ಕ ವಾರವೇ ಕೂತು ಅರ್ಜಿ ಬರೆದೆ, ಅವರಿಗೆ ಲೈಸೆನ್ಸ್ ಕೊಟ್ಟ ಆರ್‌ಟಿಒ ಕಚೇರಿಗೆ. ಈ ಚಾಲಕರು ತಪ್ಪು ಒಪ್ಪಿಕೊಂಡಿದ್ದಾರೆ, 19ನೇ ಕಲಮಿನಡಿ ಕ್ರಮ ತೆಗೆದುಕೊಳ್ಳಿ ಅಂತ. ಅದರ ಮೊದಲು, ಒಂದು ಪುಟದಲ್ಲಿ, ಅವತ್ತು ಏನಾಯಿತು ಅನ್ನುವುದನ್ನು ತಮ್ಮನ ಮಾತಿನಲ್ಲೇ ಬರೆದೆ. ಗೋಡೌನಿಂದ ಬಂದವನು ಕೈಕಾಲು ತೊಳೆದು, ದೀಪದ ಕೆಳಗೆ ನಿಂತುಕೊಂಡೇ ಓದಿದ. ಒಂದು ಕಡೆ ಬೆರಳಿಟ್ಟ.

"ಮೂವತ್ತು ಅಂತ ಬರ್ದಿದ್ದೀಯ. ಮೂವತ್ತೈದು ಇತ್ತು ಅಕ್ಕ, ಸರಿ ಮಾಡು" ಅಂದ. ಸರಿ ಮಾಡಿ ಕೊಟ್ಟೆ. ಸಹಿ ಹಾಕಿದ.