ಟೈಗರ್ 217: ಜಿಮ್ಮೆರಿಟ್ ಕೊನೆಗೂ ಕೂತಿತು!

217ನೇ ನಂಬರಿನ ಟೈಗರ್ ಟ್ಯಾಂಕಿನ ಪುಟ್ಟ ಮಾದರಿ ಮಾಡುತ್ತಿದ್ದೇನೆ. ಅದರ ಒಡಲಿನ ಎಡಬದಿಗೆ ಜಿಮ್ಮೆರಿಟ್ ಲೇಪ ಬಳಿಯುವುದು ನಿನ್ನೆ ರಾತ್ರಿ ಮುಗಿಯಿತು. ಗೀರುಗಳೆಲ್ಲ ಉಳುಮೆ ಸಾಲಿನಂತೆ ನೇರ. ಖುಷಿಗೆ ನಿದ್ದೆಯೇ ಬರಲಿಲ್ಲ!

ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್ ಕಮಾಂಡರ್ ಒಟ್ಟೊ ಕಾರಿಯಸ್‌ನ ಯುದ್ಧದ ವರ್ಷಗಳನ್ನು 1:35 ಅಳತೆಯ (ಅಸಲಿಗಿಂತ 35 ಪಟ್ಟು ಚಿಕ್ಕ) ಮೂರು ಮಾದರಿಗಳಲ್ಲಿ ಹೇಳುವ ಯೋಜನೆ ಇದು. ಮೊದಲನೆಯದು, ಪಾಂಜರ್ 38(ಟಿ) ಎಂಬ ಹಗುರ ಟ್ಯಾಂಕ್, ಕಪಾಟು ಸೇರಿದೆ. ಅದರಲ್ಲಿ ಆತ ಬರೀ ಲೋಡರ್, ತೋಪಿಗೆ ಗುಂಡು ತುಂಬುವವ. 1941ರ ಜುಲೈ 8ರಂದು ಟ್ಯಾಂಕಿಗೆ ಸೋವಿಯತ್ ಗುಂಡು ಬಡಿದು ಹಲ್ಲು ಕಳೆದುಕೊಂಡ. ಈಗಿನದು 502ನೇ ಹೆವಿ ಟ್ಯಾಂಕ್ ಬೆಟಾಲಿಯನ್ನಿನ ಟೈಗರ್, 1944ರ ಜುಲೈ 22, ಲಾಟ್ವಿಯಾದ ಮಾಲಿನಾವಾ ಕದನದ್ದು. ಎರಡೇ ದಿನಕ್ಕೆ ಆತ ಗಂಭೀರವಾಗಿ ಗಾಯಗೊಂಡ.

ಚಕ್ರ, ಸಸ್ಪೆನ್ಷನ್ ವಿಷಯ ಬಿಡಿ. ಕಾಡಿದ್ದು ಜಿಮ್ಮೆರಿಟ್. ಆಯಸ್ಕಾಂತದ ಮೈನ್ ಉಕ್ಕಿಗೆ ಅಂಟದಿರಲಿ ಅಂತ ಬಳಿದ ಲೇಪ. ಅಸಲಿ ಟ್ಯಾಂಕಿನಲ್ಲೇ ಕೆಲವು ಮಿಲಿಮೀಟರ್ ದಪ್ಪ. ನಮ್ಮ ಅಳತೆಗೆ ಇಳಿಸಿದರೆ ಕಾಗದದಷ್ಟು. ಗೀರು ಸಮೇತ ಬರುವ ರೆಡಿಮೇಡ್ ರೆಸಿನ್ ಹಾಳೆ ತರಿಸಿದ್ದೆ. ಬಂದದ್ದು ಬೇರೆ ಮಾದರಿಯದು, ಮೇಲಾಗಿ ಸೊಟ್ಟ. ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲವಂತೆ. ಅಷ್ಟು ದುಡ್ಡು ತಗೊಂಡು ಹೀಗೆ ಮಾಡಬಾರದು.

ಸರಿ, ಎಪಾಕ್ಸಿ ಪುಟ್ಟಿಯೇ ಗತಿ. ಬೇಸಿಗೆಯ ಸೆಖೆಗೆ ಅದು ಬೇಗ ಬಿಗಿಯುತ್ತದೆ. ಗೀರು ಮೂಡಿಸಲು ಬಾಚಣಿಗೆ ಎಳೆದರೆ ಪುಟ್ಟಿಯೇ ಕಿತ್ತು ಬರುತ್ತದೆ. ಕೊನೆಗೆ ಎಳೆಯುವುದನ್ನೇ ಬಿಟ್ಟೆ. ರೇಜರ್ ಸಾ (ಸಣ್ಣ ಹಲ್ಲಿನ ತೆಳು ಗರಗಸ) ಬ್ಲೇಡಿನ ಸಣ್ಣ ತುಂಡನ್ನು ಸೋಪು ನೀರಲ್ಲಿ ಅದ್ದಿ, ಒತ್ತಿ ಎತ್ತುತ್ತಾ ಹೋದೆ. ಒಂದು ಸಲಕ್ಕೆ ಬೆರಳಗಲ ಜಾಗ ಮಾತ್ರ. ಪುಟ್ಟಿಯನ್ನೂ ಅಷ್ಟಕ್ಕಷ್ಟೇ ಕಲಸಬೇಕು. ಲಟ್ಟಿಸುವಾಗ ಟಾಲ್ಕಂ ಪೌಡರ್ ಜಾಸ್ತಿ ಬೇಡ, ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲ.

ಮಾದರಿಯ ಫಲಕದಲ್ಲಿ ಕಾರಿಯಸ್ ಎಷ್ಟು ಟ್ಯಾಂಕ್ ಹೊಡೆದ ಅಂತ ಬರೆಯುವುದಿಲ್ಲ. ಇದೇ ಬೆಟಾಲಿಯನ್ ಲೆನಿನ್‌ಗ್ರಾಡ್ ಸುತ್ತಲೂ ಹೋರಾಡಿತ್ತು. ಆ ಊರಿನ ಜನರನ್ನು ಹಿಟ್ಲರನ ಸೇನೆ ಮುತ್ತಿಗೆ ಹಾಕಿ ಹಸಿವಿನಿಂದ ಸಾಯಿಸಿತು. ಅದನ್ನು ಬರೆಯುತ್ತೇನೆ.

ಅಂದಹಾಗೆ, ಮೂರನೆಯದಕ್ಕೆ ಯಾಗ್ಡ್‌ಟೈಗರ್, ಟ್ಯಾಂಕುಗಳನ್ನು ಬೇಟೆಯಾಡುವ ಭಾರಿ ವಾಹನ! 512ನೇ ಬೆಟಾಲಿಯನ್ನಿನಲ್ಲಿ ಆತನ 2ನೇ ಕಂಪನಿ, 1945, ಜರ್ಮನಿಯ ರೂರ್ ಪ್ರದೇಶ. 128 ಮಿ.ಮೀ. ತೋಪು, 70 ಟನ್ನಿಗೂ ಮಿಕ್ಕ ತೂಕ. ಸಾಗುವಾಗ ತೋಪನ್ನು ಮುಂದಿನ ಲಾಕಿಗೆ ಕಟ್ಟಬೇಕಿತ್ತು, ಬಿಚ್ಚಲು ಒಬ್ಬ ಹೊರಗೆ ಇಳಿಯಬೇಕಿತ್ತು. ಶತ್ರು ಎದುರಿಗಿದ್ದಾಗ! ಅದೇ ದೃಶ್ಯ ಮಾಡುವ ಆಸೆ. ಆ ವೇಳೆಗೆ ಕಾರ್ಖಾನೆಗಳು ಜಿಮ್ಮೆರಿಟ್ ಬಳಿಯುವುದನ್ನು ನಿಲ್ಲಿಸಿದ್ದವು, ಹಾಗಾಗಿ ಪುಟ್ಟಿಗೆ ರಜೆ. ಅದಕ್ಕೂ ಮೊದಲು 217ರ ಬಲಬದಿ ಬಾಕಿ ಇದೆ.